ಕುದ್ರೋಳಿಯಲ್ಲಿ ಎದ್ದುಬಂದ ಕಾವಿ ನೆಲ

ಓದುವ ಎಲ್ಲರಿಗೂ ನಮಸ್ಕಾರ. ನಾನು ಮೀಸೆ ಬಂದ ಮೇಲೆ ಅಕ್ಷರ ಕಲಿತವನು. ಒಂದೊಂದೇ ಅಕ್ಷರ ಹುಡುಕಿ ಒತ್ತುತ್ತಿದ್ದೇನೆ. ತಪ್ಪು ಬಿದ್ದಲ್ಲಿ ದಯವಿಟ್ಟು ನೀವೇ ಸರಿ ಮಾಡಿಕೊಳ್ಳಿ. ನಡೆದ ಸಂಗತಿಯಲ್ಲಿ ಮಾತ್ರ ತಪ್ಪಿಲ್ಲ.

ಐವತ್ತರ ದಶಕದ ಕೊನೆಗೆ ನಾನು ಮಂಗಳೂರಿನಲ್ಲಿ ಕೆಂಪು ಕಾವಿ ನೆಲ ಹಾಕುತ್ತಿದ್ದೆ. ಅಡಿಯ ಗಾರೆ ಹಸಿ ಇರುವಾಗಲೇ ಕೆಂಪು ಕಲಸಿದ ಸಿಮೆಂಟು ಹಾಕಬೇಕು. ಹಾಕಿದವನು ಊಟಕ್ಕೂ ಏಳದೆ ಉಜ್ಜಬೇಕು. ನಡುವೆ ಎದ್ದು ಹೋದರೆ ಅಲ್ಲೊಂದು ಗೆರೆ ಬೀಳುತ್ತದೆ, ಮನೆ ಇರುವ ತನಕ ಹೋಗುವುದಿಲ್ಲ. ನನ್ನ ನೆಲಗಳಲ್ಲಿ ಗೆರೆ ಇರಲಿಲ್ಲ.

ಕಂಕನಾಡಿಯಲ್ಲಿ ಒಬ್ಬ ಅಂಗಡಿಯವರ ಹೊಸ ಮನೆಗೆ ಅಂಥದೊಂದು ನೆಲ ಹಾಕಿದೆ. ಕೆಲಸ ಹಿಡಿದಿದ್ದವನು ಕಂಟ್ರಾಕ್ಟರು, ನಾನು ಅವನ ಕೈಕೆಳಗಿನವನು. ನಮ್ಮಲ್ಲಿ ಹೊಸಮನೆ ಒಕ್ಕಲಿನ ದಿನ ಮನೆಯವರು ಕೆಲಸದ ಮೇಸ್ತ್ರಿಗಳನ್ನು ಕರೆದು ವೀಳ್ಯ ಕೊಟ್ಟು, ಶಾಲು ಹೊದೆಸುವ ಕ್ರಮ ಉಂಟು. ಅದನ್ನು ನೋಡಲೆಂದೇ ನನ್ನ ಹೆಂಡತಿಯೂ ಬಂದಿದ್ದಳು. “ನೆಲದ ಮೇಸ್ತ್ರಿ ಯಾರು?” ಎಂದು ಯಜಮಾನರು ಕೇಳಿದಾಗ ನಾನು ಎದ್ದೆ. ಕಂಟ್ರಾಕ್ಟರು ಅಡ್ಡ ಬಂದು ವೀಳ್ಯಕ್ಕೆ ಕೈ ಒಡ್ಡಿದ.

“ನೆಲ ನನ್ನದೇ ಕೈಕೆಲಸ,” ಎಂದ. ಆಮೇಲೆ ನನ್ನ ಕಡೆ ತಿರುಗಿ, “ನೀನೆಂತ ಮಾರಾಯ ಮುಂದೆ ಬರುವುದು? ಉಜ್ಜುವವರಿಗೆಲ್ಲ ಹಿತ್ತಿಲಲ್ಲಿ ಎಲೆ ಹಾಕಿದ್ದಾರೆ, ಹೋಗಿ ಕೂತ್ಕೊ,” ಎಂದ.

ಜನ ನಕ್ಕರು. ಶಾಲು ಅವನ ಹೆಗಲಿಗೆ ಹೋಯಿತು. ಹೆಂಡತಿ ಊಟ ಮಾಡದೆ ಮನೆಗೆ ನಡೆದಳು. ನಾನು ಅವಳ ಹಿಂದೆ ಹೋದೆ. ಆ ನಗು ಇವತ್ತಿಗೂ ನನ್ನ ಕಿವಿಯಲ್ಲಿ ಉಂಟು.

ನೆಲದ ಸುದ್ದಿ ಊರೆಲ್ಲ ಹಬ್ಬಿತು. ಕುದ್ರೋಳಿಯ ಒಬ್ಬರು ಬ್ಯಾರಿ ಸಾಹುಕಾರರು ತಮ್ಮ ಮಗಳ ಮದುವೆಗೆ ಮುಂಚೆ ಮನೆಯ ಚಾವಡಿಗೆ ಅಂಥದೇ ನೆಲ ಬೇಕೆಂದು ಕಂಟ್ರಾಕ್ಟರನ್ನೇ ಹಿಡಿದರು. ಅವನು ಒಪ್ಪಿಕೊಂಡ. ಆಗ ನಾನು ಅವನನ್ನು ಬಿಟ್ಟು ಪಡೀಲಿನಲ್ಲಿ ಬೇರೊಬ್ಬರ ಗೋಡೆ ಕಟ್ಟುತ್ತಿದ್ದೆ. ಅಲ್ಲಿಗೇ ಬಂದ.

“ಆದದ್ದು ಆಯ್ತು, ಬಾ ಮಾರಾಯ. ಕೆಲಸ ಉಂಟು.”

“ವೀಳ್ಯ ಹಿಡಿದ ಕೈ ಉಂಟಲ್ಲ ನಿಮಗೆ? ಅದರಲ್ಲೇ ಉಜ್ಜಿ,” ಎಂದೆ.

ಅವನು ಬೈದು ಹೋದ. ತನ್ನದೇ ಕೈಕೆಲಸವೆಂದು ಊರಿಗೆಲ್ಲ ಹೇಳಿಕೊಂಡವನು ಇನ್ನೊಬ್ಬ ಮೇಸ್ತ್ರಿಯನ್ನು ಕರೆಯುವುದು ಹೇಗೆ? ತಾನೇ ಕೂತು ಹಾಕಿಸಿದ. ಅಡಿಯ ಗಾರೆ ಒಣಗಲು ಬಿಟ್ಟು, ಅದರ ಮೇಲೆ ಕೆಂಪು ಎಳೆದ. ಒಣಗಿದ ಗಾರೆ ಕೆಂಪನ್ನು ಹಿಡಿಯುವುದಿಲ್ಲ. ಮದುವೆ ಹತ್ತಿರ ಬರುವಾಗ ಚಾವಡಿಯ ನೆಲ ಹಪ್ಪಳದ ಹಾಗೆ ಎದ್ದಿತು. ಅವನ ಆಳುಗಳೇ ಸಾಹುಕಾರರಿಗೆ ನನ್ನ ವಿಷಯ ಹೇಳಿದರು. ನನಗೆ ಕರೆ ಬಂತು.

ಹೋದೆ. ಕಂಟ್ರಾಕ್ಟರು ಅಲ್ಲೇ ನಿಂತಿದ್ದ. ನಾನು ಕರಣೆಯ ಹಿಡಿಯಿಂದ ನೆಲ ಕುಟ್ಟಿದೆ. ಟೊಳ್ಳು ಸದ್ದು. ಅಲ್ಲಿ ಒಮ್ಮೆ, ಇಲ್ಲಿ ಒಮ್ಮೆ, ಎಲ್ಲರಿಗೂ ಕೇಳುವ ಹಾಗೆ ಬೇಕೆಂದೇ ಕುಟ್ಟಿದೆ.

“ಎಂತ ಮಾಡುವುದು ಮೇಸ್ತ್ರಿ? ಮದುವೆಯ ಮನೆ ಇದು,” ಎಂದರು ಸಾಹುಕಾರರು.

“ಎಲ್ಲ ತೆಗೀಬೇಕು ಸಾಹುಕಾರ್ರೇ. ಹಾಕುವುದು ನಾನು. ತೆಗೆಯುವುದು ಇವರು.”

“ಆಳು ಕಳಿಸ್ತೇನೆ,” ಎಂದ ಕಂಟ್ರಾಕ್ಟರು.

“ಆಳು ಯಾಕೆ? ನಿಮ್ಮದೇ ಕೈಕೆಲಸ ಅಲ್ವಾ?”

ಸಾಹುಕಾರರು ಅವನ ಮುಖ ನೋಡಿದರು, ನನ್ನ ಮುಖ ನೋಡಿದರು. ಕಂಕನಾಡಿಯ ಕಥೆ ಆಳುಗಳಿಂದ ಅವರಿಗೆ ಮುಟ್ಟಿತ್ತು ಎಂದು ಕಾಣುತ್ತದೆ. “ಸುತ್ತಿಗೆ ತಕ್ಕೊಳ್ಳಿ,” ಎಂದರು ಅವನಿಗೆ.

ಬಿಳಿ ಅಂಗಿಯಲ್ಲೇ ಕುಕ್ಕರುಗಾಲಲ್ಲಿ ಕೂತ. ಕೆಂಪು ಧೂಳು ಮೂಗಿಗೆ, ಬಾಯಿಗೆ ಹೋಯಿತು. ನೆರೆಯವರೆಲ್ಲ ಜಗಲಿಗೆ ಬಂದರು. ನಾನು ಬಾಗಿಲಿಗೆ ಒರಗಿ ಎಲೆಯಡಿಕೆ ಹಾಕಿಕೊಂಡು ನೋಡಿದೆ. “ಧಣಿಗಳೇ, ಆ ಮೂಲೆಯಲ್ಲಿ ಇನ್ನೂ ಸ್ವಲ್ಪ ಉಂಟು,” ಎಂದು ತೋರಿಸಿದೆ. ಯಾರೋ ನಕ್ಕರು. ಅವನ ಅಂಗೈಯ ಬೊಕ್ಕೆ ಒಡೆಯುವ ತನಕ ನನಗೆ ಸಾಕು ಅನ್ನಿಸಲಿಲ್ಲ, ಒಡೆದ ಮೇಲೂ ಅನ್ನಿಸಲಿಲ್ಲ.

ಆಮೇಲೆ ನಾನು ನೆಲ ಹಾಕಿದೆ. ಅಷ್ಟು ಸಿಟ್ಟಿನಲ್ಲಿ ನಾನು ಯಾವ ನೆಲವನ್ನೂ ಉಜ್ಜಿದ್ದಿಲ್ಲ, ಅಷ್ಟು ನುಣುಪು ಯಾವುದಕ್ಕೂ ಬಂದದ್ದೂ ಇಲ್ಲ. ಮದುವೆಗೆ ಬಂದವರಿಗೆಲ್ಲ ಸಾಹುಕಾರರು ನನ್ನನ್ನು ತೋರಿಸಿ, “ಕಂಕನಾಡಿಯದ್ದೂ ಇವರದ್ದೇ,” ಎಂದರು. ಪಕ್ಕದಲ್ಲಿ ನನ್ನ ಹೆಂಡತಿ ನಿಂತಿದ್ದಳು.

ಎಷ್ಟೋ ವರ್ಷದ ನಂತರ ಕಂಕನಾಡಿಯ ಮಾರ್ಕೆಟಿನಲ್ಲಿ ಆ ಕಂಟ್ರಾಕ್ಟರು ಎದುರು ಸಿಕ್ಕಿದ. ಮುದುಕನಾಗಿದ್ದ.

“ಇನ್ನೂ ಸಿಟ್ಟು ಉಂಟಾ ಮಾರಾಯ?” ಎಂದು ಕೇಳಿದ.

“ಉಂಟು,” ಎಂದೆ. ಮೀನು ತೆಗೆದುಕೊಂಡು ಮನೆಗೆ ಬಂದೆ.

ನಿಮ್ಮ ಕೈಯ ಕೆಲಸಕ್ಕೆ ಇನ್ನೊಬ್ಬ ಶಾಲು ಹೊದ್ದುಕೊಂಡದ್ದು ಉಂಟೇ? ನೀವು ಎಂತ ಮಾಡಿದಿರಿ ಎಂದು ಬರೆಯಿರಿ. ಕ್ಷಮಿಸಿಬಿಟ್ಟವರೂ ಬರೆಯಬಹುದು. ಅದು ಹೇಗೆ ಸಾಧ್ಯವಾಯಿತೆಂದು ನನಗೆ ತಿಳಿಯಬೇಕು.