ಕಡೆಗದ್ದೆಯ ಮೊದಲ ಸರದಿ

ನಮ್ಮಪ್ಪ ಊರ ಕೆರೆಯ ನೀರುಗಂಟಿ. ತೂಬು ಎತ್ತುವುದು, ಇಳಿಸುವುದು, ಯಾರ ಗದ್ದೆಗೆ ಎಷ್ಟು ಹೊತ್ತು ನೀರು ಅಂತ ನಿಂತು ಬಿಡುವುದು ಅವರ ಕೆಲಸ. ಗದ್ದೆ ತನ್ನದೇ ಆದರೂ ಯಾರೂ ಕಾಲುವೆಗೆ ಗುದ್ದಲಿ ಹಾಕುವಂತಿರಲಿಲ್ಲ. ಅಪ್ಪನಿಗೆ ಓದುಬರಹ ಇರಲಿಲ್ಲ. ಇಡೀ ಅಚ್ಚುಕಟ್ಟಿನ ಸರದಿ ಅವರ ಬಾಯಲ್ಲಿತ್ತು. ಅವರ ಮಗಳು ನಾನು ಮೇಷ್ಟ್ರ ಕೆಲಸ ಹಿಡಿದು ಊರಿಗೆಲ್ಲ ಅಕ್ಷರ ಕಲಿಸಿದೆ. ಆ ಸರದಿಯನ್ನು ಬರೆಸಿ ಹಾಳು ಮಾಡಿದವಳೂ ನಾನೇ.

ನಮ್ಮದು ಗೌರಿಬಿದನೂರಿನಿಂದ ಆಚೆ, ಗಡಿ ಪಕ್ಕದ ಊರು. ಹಾಲಿನವನ ಹತ್ತಿರ ತೆಲುಗು, ಅಂಚೆಯವನ ಹತ್ತಿರ ಕನ್ನಡ. ಊರಿಗಿಂತ ಕೆರೆ ಹಳೆಯದು. ಎರಡು ಗುಡ್ಡಗಳ ನಡುವೆ ಏರಿ ಹಾಕಿ, ನೀರು ನಿಂತ ಮೇಲೆ ಇಲ್ಲಿಗೆ ಜನ ಬಂದರಂತೆ. ಏರಿಗೆ ಮಣ್ಣು ಹೊತ್ತವರು ನಮ್ಮ ಕೇರಿಯವರು. ಅವರಿಗೆ ಸಿಕ್ಕಿದ್ದು ಕಾಲುವೆ ಮುಗಿಯುವಲ್ಲಿನ ಜಮೀನು, ಕಡೆಗದ್ದೆ. ಅಲ್ಲಿಗೆ ನೀರು ತಲುಪುವುದೇ ಕಷ್ಟ. ಅದಕ್ಕೇ ಆಗಲೇ ಒಂದು ಮಾತಾಗಿತ್ತು: ಕೆರೆ ಅರ್ಧ ಮಾತ್ರ ತುಂಬಿದ ವರ್ಷ ಸರದಿ ಕೆಳಗಿನಿಂದ ಶುರುವಾಗಬೇಕು. ಮೊದಲು ಕಡೆಗದ್ದೆ, ಆಮೇಲೆ ಅದರ ಮೇಲಿನದು, ಕೊನೆಗೆ ತೂಬಿನ ಬುಡದ್ದು. ತಮ್ಮ ಸರದಿ ಬೇಗ ಬರಲಿ ಅಂತ ಮೇಲಿನವರೇ ಬಂದು ಕೆಳಗಿನ ಕಾಲುವೆಯ ಹೂಳು ತೆಗೆಯುತ್ತಿದ್ದರು. ಹಳಬರ ತಲೆ ಎಂಥದ್ದು ನೋಡಿ!

ಅಪ್ಪ ಹೋದ ಮೇಲೆ ನೀರುಗಂಟಿಯೇ ಇಲ್ಲ, ಎಷ್ಟೋ ವರ್ಷ ನೀರೂ ಇರಲಿಲ್ಲ. ಈಚೆಗೆ ಕೆರೆ ಸಂಘದವರು ಹೂಳೆತ್ತಿಸಿ, ಕೆರೆಯ ಇತಿಹಾಸದ ಪುಸ್ತಕ ಮಾಡುತ್ತೇವೆ ಅಂದರು. ಅಪ್ಪನ ಸರದಿ ಕೇಳಿಕೊಂಡು ಬಂದ ಸಂಘದ ಕಾರ್ಯದರ್ಶಿ ನನ್ನ ಹಳೆಯ ಶಿಷ್ಯ. ತೂಬಿನ ಬುಡದ ಮೊದಲ ಗದ್ದೆ ಅವನ ಮನೆಯದು. ಅದು ನನಗೆ ಗೊತ್ತಿಲ್ಲದ್ದೇನಲ್ಲ. ಆದರೆ ನಾನು ಒತ್ತಕ್ಷರ ತಿದ್ದಿಸಿದವನ ಮೇಲೆ ಅನುಮಾನ ಪಡುವುದು ನನಗೆ ಬರುವುದಿಲ್ಲ.

ಕೂತು ಹೇಳು ಅಂದರೆ ಅಪ್ಪನಿಗೆ ಸರದಿ ನೆನಪಾಗುತ್ತಿರಲಿಲ್ಲ, ನಡೆಯುತ್ತಲೇ ಹೇಳಬೇಕು, ಅದೂ ಕಡೆಗದ್ದೆಯಿಂದ ಏರಿಯ ಕಡೆಗೆ. ನಾನು ಕಲಿತದ್ದೂ ಹಾಗೆಯೇ. ಮಂಡಿನೋವು ಇಟ್ಟುಕೊಂಡು, ಬದುವಿನ ಮೇಲೆ ಅವನ ಮುಂದೆ ನಡೆಯುತ್ತಾ ಒಂದೊಂದೇ ಗದ್ದೆ ಹೇಳಿದೆ. ಅವನು ಫೋನಿನಲ್ಲಿ ರೆಕಾರ್ಡ್ ಮಾಡಿಕೊಂಡ. ತಿಂಗಳ ಮೇಲೆ ಬರೆದು ತಂದಾಗ ಪಟ್ಟಿ ತಲೆಕೆಳಗಾಗಿತ್ತು, ತೂಬಿನಿಂದ ಶುರು.

"ಓದೋರಿಗೆ ಸಲೀಸಾಗ್ಲಿ ಅಂತ ಮಿಸ್. ಗದ್ದೆಗಳ ಪಟ್ಟಿ ಅಷ್ಟೇ ತಾನೆ? ಕಮ್ಮಿ ನೀರಿನ ವರ್ಷದ ವಿಷ್ಯ ಮುನ್ನುಡಿಯಲ್ಲಿ ಬಿಡಿಸಿ ಬರೀತೀನಿ."

ಹೌದಲ್ಲ, ಬರಹಕ್ಕೊಂದು ಕ್ರಮ ಬೇಕಲ್ಲ ಅಂದುಕೊಂಡೆ. ಕೆಂಪು ಪೆನ್ನು ಹಿಡಿದು ನಾಲ್ಕಾರು ದೀರ್ಘ ತಿದ್ದಿ, ಕೆಳಗೆ ಸಹಿ ಹಾಕಿದೆ. ಬಿಡುಗಡೆಯ ದಿನ ಶಾಲು ಹೊದಿಸಿದರು. ಪುಸ್ತಕ ಕೈಗೆ ಬಂದಾಗ ನಾನು ಮುನ್ನುಡಿ ಓದಲಿಲ್ಲ, ನನ್ನ ಹೆಸರು ಎಲ್ಲಿದೆ ಅಂತ ಹುಡುಕಿದೆ. ಈಗ ನೆನೆದರೆ ನಾಚಿಕೆಯಾಗುತ್ತದೆ.

ಹೋದ ವರ್ಷ ಕೆರೆ ಅರ್ಧ ತುಂಬಿತು. ಮೊದಲ ಸರದಿ ತಮ್ಮದೇ ಎಂದು ನಂಬಿ ಕಡೆಗದ್ದೆಯ ನಮ್ಮ ಚಿಕ್ಕಪ್ಪ ಭತ್ತ ನಾಟಿ ಮಾಡಿಸಿಬಿಟ್ಟರು. ಸಂಘದವರು ತೂಬಿನ ಬುಡದಿಂದ ನೀರು ಬಿಟ್ಟರು. ಅದು ಅರ್ಧ ದಾರಿಗೆ ಬರುವಷ್ಟರಲ್ಲಿ, ಕೆರೆಯಲ್ಲಿ ಉಳಿದದ್ದು ದನಕರುಗಳಿಗೆ ಬೇಕು ಅಂತ ತೂಬು ಇಳಿಸಿದರು.

ಸಂಘದ ಕಚೇರಿಗೆ ಹೋದೆ. ನನ್ನ ಶಿಷ್ಯ ಎದ್ದು ನಿಂತು ಕುರ್ಚಿ ಕೊಟ್ಟ. "ಪುಸ್ತಕದಲ್ಲಿ ಇರೋ ಹಾಗೇ ಬಿಟ್ಟಿದ್ದೀವಿ ಮಿಸ್. ಸಭೇಲೂ ಅದನ್ನೇ ಒಪ್ಪಿದ್ದಾರೆ. ನೀವೇ ತಿದ್ದಿ ಕೊಟ್ರಲ್ಲ."

ಕೈಯಲ್ಲಿದ್ದ ಪುಸ್ತಕದ ಮುನ್ನುಡಿ ತೆಗೆದೆ. ಅರ್ಧ ಕೆರೆಯ ಮಾತು ಒಂದು ಸಾಲೂ ಇರಲಿಲ್ಲ.

"ಜಾಗ ಸಾಲ್ಲಿಲ್ಲ ಮಿಸ್," ಅಂದ. ಪದಾಧಿಕಾರಿಗಳ ಫೋಟೋಗಳಿಗೆ ಎರಡು ಪುಟ ಸಿಕ್ಕಿತ್ತು.

"ಇಷ್ಟು ಸಣ್ಣವನಾಗಿಬಿಟ್ಟೆಯಲ್ಲೋ!" ಅಂದೆ. ಅವನು ತಲೆ ತಗ್ಗಿಸಲಿಲ್ಲ, ಟೀ ತರಿಸಲಾ ಅಂತ ಕೇಳಿದ. ಬೇರೆ ಯಾರು ಮಾಡಿದ್ದರೂ ಜಗಳವಾಡಿ ಮರೆಯುತ್ತಿದ್ದೆ. ಇದು ಹೊಟ್ಟೆಯಲ್ಲಿ ಹಾಗೇ ಉಳಿದಿದೆ.

ಅಲ್ಲಿಂದ ನೇರವಾಗಿ ಕಡೆಗದ್ದೆಗೆ ನಡೆದೆ. ನೆಲ ಬಿರುಕು ಬಿಟ್ಟಿತ್ತು, ಪೈರು ತುದಿಯಿಂದ ಒಣಗುತ್ತಾ ಬಂದಿತ್ತು. ಚಿಕ್ಕಪ್ಪ ಬದುವಿನ ಮೇಲೆ ಕೂತಿದ್ದರು. ಅವರಿಗೂ ಅಕ್ಷರ ಬರುವುದಿಲ್ಲ.

"ಆ ಬುಕ್ಕು ತಂದಿದ್ದೀಯೇನಮ್ಮ? ನಿಮ್ಮಪ್ಪ ಹೇಳಿದ್ದು ಅಂತ ಹಾಕವ್ರಂತೆ. ಓದು, ಕೇಳಣ."

ಓದಿದೆ. ಮೊದಲನೆಯದು ತೂಬಿನ ಬುಡ, ಆಮೇಲೆ ಅದರ ಕೆಳಗಿನದು. ಹೀಗೇ ಇಳಿದು ಕಟ್ಟಕಡೆಗೆ ಅವರ ಗದ್ದೆ. ಅದರ ಕೆಳಗೆ ಅಪ್ಪನ ಹೆಸರು, ನನ್ನ ಹೆಸರು.

ಚಿಕ್ಕಪ್ಪ ಪೂರ್ತಿ ಕೇಳಿಸಿಕೊಂಡು ನಕ್ಕರು. "ಮೇಡಂ ಆಗಿ ತಪ್ಪು ಓದ್ತೀಯಲ್ಲೇ! ನಮ್ಮಣ್ಣ ಹಂಗೆ ಯಾಕೆ ಹೇಳ್ತಾನೆ? ಇನ್ನೊಂದ್ಸಲ ಸರಿಯಾಗಿ ಓದಮ್ಮ."

ಕನ್ನಡಕ ಒರೆಸಿಕೊಂಡು, ಮೊದಲಿನಿಂದ ಇನ್ನೊಂದು ಸಲ ಓದಿದೆ.