ನೆರಳು ಆರಿಸಿದ ಅತ್ತಿಗೆ

ನನ್ನ ಅತ್ತಿಗೆ ಹುಟ್ಟಿದಾಗಿನಿಂದ ಒಂದೇ ಒಂದು ಕಂಪ್ಯೂಟರ್ ಗೇಮ್ ಆಡಿದವರಲ್ಲ. ಆದರೆ ಆಟದ ನಡುವೆ ಬಿಸಿಯಾಗಿ ಆರಿಹೋಗುವ ಕಂಪ್ಯೂಟರನ್ನು ನಮ್ಮ ಅಂಗಡಿಗೆ ತಂದವರು ನನ್ನ ಮುಖವನ್ನೂ ನೋಡುವುದಿಲ್ಲ. "ಅಕ್ಕ ಇದ್ದಾರಾ?" ಎಂದು ಕೇಳುತ್ತಾರೆ. ಅಂಗಡಿ ನನ್ನದು, ಹೊರಗಿನ ಬೋರ್ಡು ನನ್ನದು, ಹದಿನಾಲ್ಕು ವರ್ಷದ ಅನುಭವವೂ ನನ್ನದು! ಮೊದಮೊದಲು ಮೈಯೆಲ್ಲ ಉರಿಯುತ್ತಿತ್ತು. ಈಗ ನಾನೇ ಒಳಗೆ ಕೂಗಿ ಅವರನ್ನು ಕರೆಯುತ್ತೇನೆ. ಹಾಗೆ ಯಾಕಾಯಿತು ಎಂಬುದನ್ನು ಹೇಳಿಬಿಡುತ್ತೇನೆ.

ಇವರು ನನ್ನ ಅಣ್ಣನ ಹೆಂಡತಿ. ಇಪ್ಪತ್ತೆರಡು ವರ್ಷ ಒಂದು ಮೋಟಾರು ರಿಪೇರಿ ಶೆಡ್ಡಿನಲ್ಲಿ ಕೂತು, ಸುಟ್ಟುಹೋದ ಫ್ಯಾನುಗಳಿಗೆ ತಾಮ್ರದ ತಂತಿ ಸುತ್ತಿದವರು. ಸುಟ್ಟ ಫ್ಯಾನನ್ನು ಎಸೆದು ಹೊಸದು ತರುವ ಕಾಲ ಬಂತು, ಶೆಡ್ಡಿಗೆ ಬೀಗ ಬಿತ್ತು. "ಮನೇಲಿ ಸುಮ್ನೆ ಕೂತು ಏನು ಮಾಡ್ತೀರಿ ಅತ್ತಿಗೆ, ಅಂಗಡಿಗೆ ಬನ್ನಿ, ಫೋನ್ ಎತ್ಕೊಂಡು ಕೂತಿರಿ" ಎಂದು ಕರೆದವನು ನಾನೇ. ದೊಡ್ಡ ಉಪಕಾರ ಮಾಡಿದೆ ಅಂದುಕೊಂಡಿದ್ದೆ, ಪೆದ್ದ.

ಫೋನ್ ಎತ್ತುವ ಕೆಲಸವನ್ನು ಅವರು ಒಂದು ವಾರವೂ ನೆಟ್ಟಗೆ ಮಾಡಲಿಲ್ಲ. ಫೋನು ಬಡಿದುಕೊಳ್ಳುತ್ತಿದ್ದರೂ ಬಂದು ನನ್ನ ಮೇಜಿನ ಪಕ್ಕ ನಿಲ್ಲುವರು. ಅವರ ರೀತಿಯೇ ಬೇರೆ. ನಾನಾದರೆ ಗಿರಾಕಿ ಬಾಯಿ ತೆರೆಯುವ ಮೊದಲೇ ಸ್ಕ್ರೂ ಬಿಚ್ಚಿರುತ್ತೇನೆ. ಅವರು ಬಿಚ್ಚುವ ಮಾತೇ ಎತ್ತುವುದಿಲ್ಲ. ತಂದವರನ್ನೇ ಕೂರಿಸಿ, "ಮನೇಲಿ ಹೇಗೆ ಆಡ್ತೀರೋ ಹಾಗೇ ಆಡಿ" ಅನ್ನುವರು. ಬಿಸಿಗಾಳಿ ಹೊರಬರುವ ಜಾಲರಿಗೆ ಕೈಯ ಹಿಂಭಾಗ ಹಿಡಿದು ಕಣ್ಣು ಮುಚ್ಚಿ ನಿಲ್ಲುವರು. ಅಂಗೈ ಹಿಡಿಯುವುದಿಲ್ಲ; ತಂತಿ ಸುತ್ತಿ ಸುತ್ತಿ ಅದು ದಡ್ಡುಗಟ್ಟಿದೆ, ಅದಕ್ಕೆ ಬಿಸಿ ಸರಿಯಾಗಿ ತಿಳಿಯುವುದಿಲ್ಲವಂತೆ. ಆಮೇಲೆ ಒಂದು ಎಳೆ ನೂಲನ್ನು ಜಾಲರಿಯ ಮುಂದೆ ಇಳಿಬಿಟ್ಟು, ಗಾಳಿ ಎತ್ತ ಹೋಗುತ್ತದೆ ಎಂದು ನೋಡುವರು. ಒಮ್ಮೆ, "ಇದು ತಾನು ಬಿಟ್ಟ ಉಸಿರನ್ನೇ ತಿರುಗಿ ಎಳ್ಕೊಳ್ತಿದೆ. ಗೋಡೆಯಿಂದ ಒಂದು ಗೇಣು ಈಚೆ ಇಡಿ" ಎಂದಷ್ಟೇ ಹೇಳಿ ಒಂದು ಕಂಪ್ಯೂಟರನ್ನು ವಾಪಸು ಕಳಿಸಿದರು. ಅದು ಮತ್ತೆ ಬರಲಿಲ್ಲ. ಅದನ್ನು ನಾನು ಮೂರು ಸಲ ಬಿಚ್ಚಿ ಕಟ್ಟಿದ್ದೆ.

ಅಷ್ಟಾದರೂ ನಾನು ಬಗ್ಗಿದವನಲ್ಲ. "ಕುರುಡು ಅದೃಷ್ಟ" ಅಂದುಕೊಂಡೆ. ನನ್ನನ್ನು ಬಗ್ಗಿಸಿದ್ದು ಡ್ರೈವರ್ ಮಾವನ ಕಂಪ್ಯೂಟರು.

ಅವರು ನನಗೆ ಸ್ವಂತ ಮಾವ ಏನಲ್ಲ, ನಮ್ಮ ರಸ್ತೆಗೆಲ್ಲ ಅವರು ಮಾವ. ಮೂವತ್ತೊಂದು ವರ್ಷ ಬಸ್ಸು ಓಡಿಸಿದವರು. ನೋಟ ಅಂಚಿನಿಂದ ಒಳಕ್ಕೆ ಕುಗ್ಗುತ್ತ ಬರುವ ಕಾಯಿಲೆ ಅವರಿಗೆ. ಒಂದು ದಿನ ಬೆಟ್ಟ ಇಳಿಯುವಾಗ ಪಕ್ಕದಿಂದ ಬಂದ ಸೈಕಲ್ಲು ಅವರಿಗೆ ಕಾಣಲೇ ಇಲ್ಲ. ಕಂಡಕ್ಟರು ಕಿರುಚಿದ, ಬ್ರೇಕು ಬಿತ್ತು, ಯಾರಿಗೂ ಏನೂ ಆಗಲಿಲ್ಲ. ಮಾವ ಬಸ್ಸನ್ನು ಬದಿಗೆ ಹಾಕಿ, ಕೀಲಿಯನ್ನು ಕಂಡಕ್ಟರನ ಕೈಗಿಟ್ಟು, ಹಿಂದೆ ಹೋಗಿ ಪ್ಯಾಸೆಂಜರುಗಳ ಜೊತೆ ಕೂತರಂತೆ. ಬೇರೆ ಡ್ರೈವರ್ ಬಂದು ಬಸ್ಸು ಇಳಿಸಿದ. ಅದೇ ಅವರ ಕೊನೆಯ ಟ್ರಿಪ್ಪು.

ಮಗಳು ಸ್ಟೀರಿಂಗು, ಪೆಡಲ್ಲು ಸಮೇತ ಒಂದು ಬಸ್ಸಿನ ಗೇಮ್ ಹಾಕಿಸಿಕೊಟ್ಟಳು. ಅದರಲ್ಲೊಂದು ಬೆಟ್ಟದ ದಾರಿ, ಇಳಿಯಲು ನಲವತ್ತು ನಿಮಿಷ. ನಡುವೆ ಉಳಿದಿರುವ ಕಿಂಡಿಯಷ್ಟು ನೋಟವೂ ವರ್ಷದೊಳಗೆ ಮುಚ್ಚುತ್ತದೆ ಎಂದು ಡಾಕ್ಟರು ಹೇಳಿದ್ದರು. "ಕಣ್ಣು ಹೋಗೋದ್ರೊಳಗೆ ಒಂದ್ಸಲ ಪೂರ್ತಿ ಇಳಿಸ್ಬೇಕಪ್ಪ. ಅರ್ಧಕ್ಕೆ ಬಿಟ್ಟು ಬಂದಿದ್ದೀನಿ" ಎಂದು ಮಾವ ನನ್ನ ಮುಂದೆ ಕಂಪ್ಯೂಟರು ಇಟ್ಟರು. ಇಪ್ಪತ್ತೈದನೆಯ ನಿಮಿಷಕ್ಕೆ ಅದು ಕಾದು ಆರಿಹೋಗುತ್ತಿತ್ತು.

ನಾನು ಧೂಳು ಊದಿದೆ. ಚಿಪ್ಪಿನ ಬಿಸಿಯನ್ನು ಮೇಲಿನ ಲೋಹದ ರೆಕ್ಕೆಗಳಿಗೆ ದಾಟಿಸುವ ಮೆತ್ತನೆಯ ಪ್ಯಾಡು ಒಣಗಿತ್ತು, ಹೊಸದು ಹಾಕಿದೆ. ಹತ್ತು ನಿಮಿಷ ಓಡಿಸಿ ನೋಡಿ, "ಹೋಗಿ ಮಾವ, ಇನ್ನು ಬೆಟ್ಟ ಹತ್ತಿ ಇಳೀರಿ" ಎಂದು ಜಂಬ ಕೊಚ್ಚಿದೆ. ವಾರಕ್ಕೆ ವಾಪಸು ಬಂದರು. ಈಗ ಹದಿನೆಂಟನೆಯ ನಿಮಿಷಕ್ಕೇ ಆರುತ್ತಿತ್ತು! "ಮಷಿನ್ನಿಗೆ ವಯಸ್ಸಾಯ್ತು. ಗ್ರಾಫಿಕ್ಸ್ ಪೂರ್ತಿ ಕಮ್ಮಿ ಮಾಡಿ ಆಡಿ" ಎಂದೆ. ಕಮ್ಮಿ ಮಾಡಿದರೆ ಓಡುತ್ತಿತ್ತು. ಆದರೆ ರಸ್ತೆ, ಬೋರ್ಡು, ಬಂಡೆ ಎಲ್ಲ ಕಲಸಿಹೋಗಿ, ಮಾವನ ಬಸ್ಸು ನಾಲ್ಕನೆಯ ತಿರುವಿನಲ್ಲೇ ಕಣಿವೆಗೆ ಬೀಳುತ್ತಿತ್ತು. "ಸ್ಪಷ್ಟವಾಗೂ ಕಾಣ್ಬೇಕು, ತಣ್ಣಗೂ ಇರ್ಬೇಕು ಅಂದ್ರೆ ಹೇಗೆ ಮಾವ? ಎರಡರಲ್ಲಿ ಒಂದು ಆರಿಸ್ಕೊಳ್ಳಿ" ಎಂದು ರೇಗಿದೆ. ಅವರು ಕಂಪ್ಯೂಟರನ್ನು ಎತ್ತಿಕೊಂಡು ಹೋದರು. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ, ಹಾಗಾಗಿತ್ತು ನನ್ನ ಕತೆ.

ಎರಡು ತಿಂಗಳಾದ ಮೇಲೆ ಮಗಳ ಕೈ ಹಿಡಿದುಕೊಂಡು ಮತ್ತೆ ಬಂದರು. ಈ ಸಲ ಅವರೂ, "ನಿಮ್ಮ ಅತ್ತಿಗೆ ಇದ್ದಾರೇನಪ್ಪ?" ಎಂದರು.

ಅತ್ತಿಗೆ ಸ್ಟೀರಿಂಗು ಜೋಡಿಸಿ ಮಾವನನ್ನು ಕೂರಿಸಿದರು. ಬಸ್ಸು ಬೆಟ್ಟದ ತುದಿಯಿಂದ ಹೊರಟಿತು. ಅತ್ತಿಗೆಯ ಕೈ ಜಾಲರಿಯ ಮೇಲೆ. ಹದಿನೆಂಟನೆಯ ನಿಮಿಷಕ್ಕೆ ತೆರೆ ಕಪ್ಪಾಯಿತು. "ಕಂಡ್ರಾ? ನಾನು ಹೇಳ್ಲಿಲ್ವಾ?" ಎಂದೆ.

"ಸುಮ್ನಿರೋ ಸ್ವಲ್ಪ" ಎಂದರು ಅತ್ತಿಗೆ. "ಬಿಸಿಯಾಗಿ ಆರಿಹೋಯ್ತು ಅಂತೀಯ. ಹೊರಗೆ ಬರೋ ಗಾಳಿ ತಣ್ಣಗಿದೆಯಲ್ಲೋ. ಒಳಗೆ ಅಷ್ಟು ಬೆಂಕಿ ಇದ್ರೆ ಗಾಳಿ ಸುಡ್ಬೇಕಿತ್ತು. ಬಿಸಿ ರೆಕ್ಕೆವರೆಗೆ ಬರ್ತಾನೇ ಇಲ್ಲ. ಮಧ್ಯೆ ಏನೋ ಅಡ್ಡ ಇದೆ."

ಅಬ್ಬಾ! ಒಂದು ಸ್ಕ್ರೂ ಬಿಚ್ಚಿಲ್ಲ, ಒಂದು ಮೀಟರು ಹಿಡಿದಿಲ್ಲ. ಮಧ್ಯೆ ಇದ್ದದ್ದು ನಾನು ಹಾಕಿದ ಪ್ಯಾಡು ತಾನೆ.

ಅತ್ತಿಗೆ ಬಿಚ್ಚಿದರು. ಹೊಸ ಪ್ಯಾಡಿನ ಎರಡೂ ಬದಿಗೆ ತೆಳ್ಳನೆಯ ಪ್ಲಾಸ್ಟಿಕ್ ಹಾಳೆ ಅಂಟಿರುತ್ತದೆ, ಹಾಕುವ ಮುಂಚೆ ಎರಡನ್ನೂ ಸುಲಿಯಬೇಕು. ನಾನು ಒಂದನ್ನು ಸುಲಿದಿದ್ದೆ. ಇನ್ನೊಂದು ಹಾಗೇ ಇತ್ತು. ಅತ್ತಿಗೆ ಅದನ್ನು ಉಗುರಿನಿಂದ ಎಬ್ಬಿಸಿ ಮೇಜಿನ ಮೇಲಿಟ್ಟರು. ಹೆಬ್ಬೆರಳಿನಷ್ಟಗಲದ ಹಾಳೆ. ಭೂಮಿ ಬಾಯಿಬಿಡಬಾರದೆ ಅನ್ನಿಸಿತು ನನಗೆ.

"ನೀನು ಹೇಳ್ತೀಯೋ, ನಾನು ಹೇಳ್ಲೋ?" ಎಂದು ಮೆಲ್ಲಗೆ ಕೇಳಿದರು.

"ತಪ್ಪು ನಂದು ಮಾವ. ಮಷಿನ್ನಿಂದಲ್ಲ. ಒಂದು ಪ್ಲಾಸ್ಟಿಕ್ ತೆಗೆಯೋದು ಮರ್ತಿದ್ದೆ" ಎಂದೆ.

"ಆಯ್ತು ಬಿಡಪ್ಪ, ಗೊತ್ತಾಯ್ತಲ್ಲ" ಎಂದರು ಮಾವ. ಬೈದಿದ್ದರೆ ಎಷ್ಟೋ ಚೆನ್ನಾಗಿರುತ್ತಿತ್ತು.

ಪ್ಯಾಡನ್ನು ತಿರುಗಿ ಕೂರಿಸಿ ಓಡಿಸಿದಾಗ ಗಾಳಿ ಸುಡತೊಡಗಿತು. ಆದರೂ ಮೂವತ್ತನೆಯ ನಿಮಿಷಕ್ಕೆ ಕಂಪ್ಯೂಟರು ಆರಿತು. ಅದು ಹಳೆಯದಾಗಿದ್ದು ಸುಳ್ಳೇನಲ್ಲವಲ್ಲ. ಗ್ರಾಫಿಕ್ಸ್ ಇಳಿಸದೆ ಗತಿಯಿಲ್ಲ ಎಂದು ನನಗೆ ಗೊತ್ತಿತ್ತು, ಆದರೆ ಬಾಯಿ ಬಿಡುವ ಮುಖ ನನಗಿರಲಿಲ್ಲ. ಅತ್ತಿಗೆ ಮಾವನ ಪಕ್ಕ ಕೂತು ಕೇಳಿದರು, "ಬಸ್ ಓಡಿಸುವಾಗ ನೀವು ಏನೇನು ನೋಡ್ತೀರಿ?"

"ರಸ್ತೆ ಅಂಚು. ತಿರುವಿನ ಬೋರ್ಡು. ಎದುರಿಗೆ ಬರೋ ಗಾಡಿ."

"ಹುಲ್ಲು?"

"ಹುಲ್ಲು ನೋಡ್ಕೊಂಡು ಓಡಿಸಿದ್ರೆ ಪ್ಯಾಸೆಂಜರೆಲ್ಲ ಹುಲ್ಲಲ್ಲೇ ಇರ್ತಿದ್ರು ತಾಯಿ."

ಎಲ್ಲರೂ ನಕ್ಕೆವು. ಅತ್ತಿಗೆ ನನ್ನನ್ನು ಕರೆದು, ಗೇಮಿನ ಸೆಟ್ಟಿಂಗುಗಳನ್ನು ಒಂದೊಂದಾಗಿ ಓದಿಸಿದರು. ದೀಪ ಆರಿಸಿದಂತೆ ಒಂದನ್ನು ಆರಿಸುವುದು, ಬಸ್ಸು ಓಡುತ್ತಿರುವಾಗ ಜಾಲರಿಗೆ ಕೈ ಹಿಡಿದು ಕಾಯುವುದು. ಹುಲ್ಲು ಹೋಯಿತು. ನೀರಿನ ಹೊಳಪು, ಗಾಜಿನ ಮಿಂಚು, ಮಂಜು ಹೋದವು. "ಇದೇನು?" ಎಂದರು. "ನೆರಳು" ಎಂದೆ. ಆರಿಸಿದರು. ಸ್ವಲ್ಪ ಹೊತ್ತಿಗೆ ಗಾಳಿಯ ಬಿಸಿ ತಟ್ಟನೆ ಇಳಿಯಿತು; ಕಣ್ಣು ಅರಳಿಸಿ, "ಅಯ್ಯೋ, ಎಲ್ಲಕ್ಕಿಂತ ಬಿಸಿ ನೆರಳೇ ಕಣೋ!" ಎಂದರು. ದೂರದ ನೋಟವನ್ನೂ ಬೋರ್ಡಿನ ಅಕ್ಷರವನ್ನೂ ಮಾತ್ರ ಅತಿ ಮೇಲಿನ ಮಟ್ಟದಲ್ಲೇ ಉಳಿಸಿದರು.

ತೆರೆಯ ಮೇಲೆ ಉಳಿದದ್ದನ್ನು ನೋಡಿ ನಾನು ಮೂಗಿನ ಮೇಲೆ ಬೆರಳಿಟ್ಟೆ. ಬರೀ ರಸ್ತೆ, ಅದರ ಬಿಳಿ ಅಂಚು, ಹಳದಿ ಬೋರ್ಡು, ಎದುರಿನ ಗಾಡಿ. ಚಂದ ಏನೂ ಇರಲಿಲ್ಲ. ಮೂವತ್ತೊಂದು ವರ್ಷ ಒಬ್ಬ ಡ್ರೈವರು ಏನನ್ನು ನೋಡುತ್ತ ಬದುಕಿದನೋ ಅಷ್ಟೇ ಇತ್ತು. ಇಷ್ಟು ವರ್ಷ ನಾನು ಗ್ರಾಫಿಕ್ಸನ್ನು ಮೇಲೆ ಏರಿಸಿದ್ದೇನೆ, ಕೆಳಗೆ ಇಳಿಸಿದ್ದೇನೆ; ನೋಡುವವರು ಯಾರು ಎಂದು ಒಬ್ಬರನ್ನಾದರೂ ಕೇಳಿದ್ದೇನೆಯೇ!

ಮಾವ ಬೆಟ್ಟದ ತುದಿಯಿಂದ ಹೊರಟರು. ಹದಿನೆಂಟು ನಿಮಿಷ ದಾಟಿತು, ಮೂವತ್ತು ದಾಟಿತು. ಅವರ ಕೈ ಸ್ಟೀರಿಂಗಿನ ಮೇಲೆ ಜಾರುವುದನ್ನು ನೋಡಬೇಕಿತ್ತು ನೀವು: ಒಂದು ತಿರುವಿಗೂ ಅವಸರವಿಲ್ಲ, ಒಂದು ಬ್ರೇಕೂ ಜಗ್ಗಲಿಲ್ಲ. ಹಿಂದೆ ಜನ ನಿಂತಿದ್ದಾರೆ ಎಂಬಂತೆ ಓಡಿಸಿದರು. ಕೊನೆಯ ತಿರುವು ಕಳೆದು ಬಸ್ಸು ಬುಡದ ನಿಲ್ದಾಣದಲ್ಲಿ ನಿಂತಾಗ ಅವರ ಮಗಳು ಬಾಯಿಗೆ ಕೈ ಅಡ್ಡ ಹಿಡಿದುಕೊಂಡಿದ್ದಳು.

ಮಾವ ಬಾಗಿಲು ತೆರೆಯುವ ಗುಂಡಿ ಒತ್ತಿ, ಮುಂದಕ್ಕೆ ನೋಡುತ್ತಲೇ ಕೇಳಿದರು, "ಎಲ್ಲರೂ ಇಳಿದ್ರಾ?"

"ಎಡಗಡೆ ಕನ್ನಡಿ ಇದೆಯಲ್ಲ ಮಾವ, ಅದರಲ್ಲಿ ಕಾಣ್ತಿದೆ" ಎಂದೆ.

"ಇರುತ್ತೆ. ಮೊದಲನೇ ಸಲ ನಿನ್ನ ಹತ್ರ ತಂದಾಗ ನಂಗೂ ಕಾಣ್ತಿತ್ತು. ಈಗ ಅಷ್ಟು ಪಕ್ಕಕ್ಕೆ ನೋಟ ಎಟುಕಲ್ಲ."

ದೂರುವ ದನಿಯಲ್ಲ ಅದು. ಇದ್ದದ್ದನ್ನು ಹೇಳಿದರು ಅಷ್ಟೇ. ನನ್ನ ಎರಡು ತಿಂಗಳ ಜಂಬದಲ್ಲಿ ಹೋದದ್ದು ಆ ಕನ್ನಡಿ. ಅದನ್ನು ಯಾವ ಅತ್ತಿಗೆಯೂ ರಿಪೇರಿ ಮಾಡಲಾರರು.

ಅತ್ತಿಗೆ ತೆರೆಯ ಮೂಲೆಗೆ ಬಗ್ಗಿ, "ಇಬ್ಬರು ಉಳಿದಿದ್ದಾರೆ. ಒಬ್ಬರು ಇಳಿದ್ರು... ಕೋಲು ಹಿಡ್ಕೊಂಡಿರೋ ಅಜ್ಜಿ, ತಡೀರಿ... ಹಾಂ, ಇಳಿದ್ರು. ಬಸ್ಸು ಖಾಲಿ" ಎಂದರು. ಮಾವ ಬಾಗಿಲು ಮುಚ್ಚಿದರು. ಟ್ರಿಪ್ಪು ಪೂರ್ತಿಯಾಯಿತೆಂದು ತೆರೆಯ ನಡುವೆ ದೊಡ್ಡ ಅಕ್ಷರದಲ್ಲಿ ಬಂತು. ಅದನ್ನು ಅವರೇ ಓದಿದರು, ಎರಡು ಸಲ.

ಅಂಗಡಿಯ ಮುಂದೆ ಇಬ್ಬರು ಗಿರಾಕಿಗಳು ಕಾಯುತ್ತಿದ್ದರು. ನಾನು ಅವರತ್ತ ತಿರುಗಲಿಲ್ಲ. ಸ್ಟೂಲು ತಂದು ಮಾವನ ಎಡಗಡೆ ಕೂತೆ. "ಇನ್ನೊಂದು ಟ್ರಿಪ್ ಹೊಡೀರಿ ಮಾವ. ಈ ಕಡೆ ಕನ್ನಡಿ ನಾನು ನೋಡ್ತೀನಿ" ಎಂದೆ.

ಮಾವ ನನ್ನ ಕಡೆ ಪೂರ್ತಿ ಮುಖ ತಿರುಗಿಸಿ, ಕಿಂಡಿಯೊಳಗೆ ನನ್ನನ್ನು ಹಿಡಿದು ನೋಡಿದರು.

"ನಿದ್ದೆ ಮಾಡ್ಬೇಡ ಮತ್ತೆ" ಎಂದು ಬಸ್ಸು ಹೊರಡಿಸಿದರು.