ಮೌಲಾಹುಸೇನ ಬದಲಿಸದ ನೀರು

ಗಂಗಾವತಿ, 1979ರ ಈಸ್ಟರ್ ಭಾನುವಾರ. ಇನ್ನೂ ಸರಿಯಾಗಿ ಬೆಳಕು ಹರಿದಿಲ್ಲ. ಕೋಣದ ಬೆನ್ನ ಮೇಲಿನ ತೊಗಲಿನ ಪಖಾಲಿಯ ಬಾಯಿ ಬಿಚ್ಚಿ, ಮೌಲಾಹುಸೇನ ಚರ್ಚಿನ ಮಗ್ಗುಲ ದೀಕ್ಷಾಸ್ನಾನದ ಕೊಳಕ್ಕೆ ನೀರು ಬಿಡುತ್ತಿದ್ದಾರೆ. ಎಂಟು ಮೂಲೆಯ ಕಲ್ಲಿನ ಕೊಳ, ಮೇಲೊಂದು ಪುಟ್ಟ ಗುಮ್ಮಟ. ಒಂದು ಕಡೆ ಇಳಿಯುವ ಮೆಟ್ಟಿಲು, ಎದುರಿಗೆ ಹತ್ತುವ ಮೆಟ್ಟಿಲು. ಹಳೆಯ ಬಾಳನ್ನು ನೀರಿನಲ್ಲಿ ಬಿಟ್ಟು ಹೊಸ ಮನುಷ್ಯರಾಗಿ ಆಚೆ ಹತ್ತಲಿ ಎಂದು ಹಾಗೆ ಕಟ್ಟಿದ್ದಾರಂತೆ. ನಡೆಯುತ್ತಿರುವುದು ಮಾತ್ರ ಬೇರೆ.

"ನಮ್ಮಪ್ಪನ ಕಾಲದಿಂದ ಇದ ಕೆಲಸರಿ. ಈಗ ಮನಿಮನಿಗೆ ನಳ ಬಂದಾವು. ಈ ಚರ್ಚು, ಅಂದಪ್ಪ ಸಾವುಕಾರ್ರ ಮನಿ, ಮತ್ತ ಒಂದೆರಡು ಕಡಿ, ಅಷ್ಟ ಉಳದೈತಿ" ಎಂದು ಪಕ್ಕದಲ್ಲಿ ನಿಂತ ನನಗೆ ಹೇಳುತ್ತಾರೆ.

ಅಂದಪ್ಪ ಕಿರಾಣಿ ವ್ಯಾಪಾರಿ, ಇದೇ ಚರ್ಚಿನ ಸಭೆಯ ಹಿರಿಯರು. ಊರ ಹೊರಗಿನ ಕೇರಿಯವರು ಕೂಲಿಗೆ ಹೋಗಬೇಕಾದ್ದರಿಂದ ನಸುಕಿನಲ್ಲೇ ಮುಳುಗಿ ಏಳುತ್ತಾರೆ. ಬಿಸಿಲೇರಿದ ಮೇಲೆ ಬರುವ ಅಂದಪ್ಪನವರ ಕಡೆಯವರಿಗೆ ಆ ನೀರು ಆಗುವುದಿಲ್ಲ. ಕೊಳ ಬರಿದು ಮಾಡಿ ಮತ್ತೆ ತುಂಬಬೇಕು. ಒಂದೇ ದೇವರು, ಒಂದೇ ಪ್ರಾರ್ಥನೆ, ನೀರು ಮಾತ್ರ ಎರಡು! ಕೇಳಿದರೆ ಮೈ ಉರಿಯುತ್ತದೆ. ಪಾದ್ರಿಗಳಿಗೆ ಇದು ಗೊತ್ತು, ಆದರೆ ಬಾಯಿಬಿಡುವುದಿಲ್ಲ.

ಕೇರಿಯ ಮಾರೆವ್ವ ಇವತ್ತು ಮುಳುಗಿ, ಒದ್ದೆ ಸೀರೆಯಲ್ಲಿ ನಗುತ್ತ ಎದುರಿನ ಮೆಟ್ಟಿಲು ಹತ್ತಿದ್ದಾಳೆ. ಬಿಸಿಲೇರುತ್ತಲೇ, ಮಕ್ಕಳಿಗೆ ದೀಕ್ಷಾಸ್ನಾನ ಮಾಡಿಸಲು ಅಂದಪ್ಪನವರ ಸಂಸಾರ ಬರುತ್ತದೆ.

"ಏನಪಾ, ಇನ್ನೂ ನೀರು ಬದಲಿ ಮಾಡಿಲ್ಲ?" ಎಂದು ಅಂದಪ್ಪ ಕೇಳುತ್ತಾರೆ.

ಮೌಲಾಹುಸೇನ ಕೋಣದ ಮೈ ತಿಕ್ಕುವುದನ್ನು ನಿಲ್ಲಿಸುವುದಿಲ್ಲ. "ಈ ಪಖಾಲಿ ಹೊಲಿದಾಂವ ಮಾರೆವ್ವನ ಗಂಡ ಹೇಮಪ್ಪರಿ. ಮೊದಲಿನ ನೀರು ಇದರಾಗ ಬಂತು, ಎರಡನೇದೂ ಇದರಾಗ ಬರತೈತಿ. ನಿಮ್ಮ ಮನಿ ಹಂಡೇಕ್ಕೂ ಇದರಾಗ ತರತೀನಿ. ಏನ್ ಬದಲಿ ಮಾಡ್ಲಿ?"

"ನಾಳಿಂದ ನಮ್ಮನಿ ಕಡಿ ಬರಬ್ಯಾಡ!"

"ಆತರಿ."

ಅಂದಪ್ಪ ಕೆಂಡದಂತಾಗಿ, ಹೆಂಡತಿ ಮಕ್ಕಳನ್ನು ಕರೆದುಕೊಂಡು ಹೊರಡುತ್ತಾರೆ. ಪಾದ್ರಿಗಳು ಅವರ ಹಿಂದೆಯೇ ಓಡುತ್ತಾರೆ. ಕೊಳದ ಹತ್ತಿರ ಮೌಲಾಹುಸೇನ, ನಾನು ಇಬ್ಬರೇ ಉಳಿಯುತ್ತೇವೆ. ಚರ್ಚಿನ ಕೆಲಸವೂ ಇನ್ನು ಇವರಿಗೆ ಸಿಗಲಿಕ್ಕಿಲ್ಲ.

ಮುಂದೆ ಹೊಟ್ಟೆಪಾಡಿಗೆ ಏನು ಮಾಡುತ್ತೀರಿ ಎಂದು ಕೇಳಿದೆ. ಅವರು ಖಾಲಿ ಪಖಾಲಿಯನ್ನು ಕೋಣದ ಬೆನ್ನಿಗೆ ಬಿಗಿದರು.

"ಏನರ ಮಾಡತೀನ್ರಿ. ಮಾರೆವ್ವ ಇಳದ ನೀರಾಗ ಸಾವುಕಾರ್ರ ಮನ್ಯಾವರು ಇಳಿಯೋದನ್ನ ಒಮ್ಮಿ ನೋಡಬೇಕು. ಆವತ್ತ ಪುಕಟ ತುಂಬತೀನಿ."